ವಹಿಗಳ ರಕ್ಷಣೆ

ಜ್ಞಾನಸ್ನಾನ ಹಾಗೂ ವಿವಾಹಗಳ ವಿವರವನ್ನು ವಹಿಯಲ್ಲಿ ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆಯು 1563ರಲ್ಲಿ ವಿಧಿಸಿತು. ಹಳೆಯ ವಹಿಗಳನ್ನೂ ಜೋಪಾನವಾಗಿ ಕಾಪಾಡಬೇಕೆಂದು 1983ರ ಧರ್ಮಸಭಾ ಕಾನೂನು ಆಜ್ಞಾಪಿಸುತ್ತದೆ. ಬರಹವನ್ನು ಉಳಿಸುವ ಜಾಣ್ಮೆ ನಮ್ಮ ಮಲೆನಾಡಿಗೂ ಹೊಸತಲ್ಲ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಬಳಪದಿಂದ ಬರೆದು ಮಡಿಸಿಟ್ಟ ಕಡತಗಳೇ ಇದಕ್ಕೆ ಸಾಕ್ಷಿ.

ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯಿದೆ ಬಂದುದು 1969ರಲ್ಲಿ. ಅದಕ್ಕೆ ಮುಂಚೆ ಹುಟ್ಟಿದ ಬಡವನೊಬ್ಬನ ವಯಸ್ಸಿಗೂ ವಂಶಕ್ಕೂ ಇಗರ್ಜಿಯ ವಹಿಯ ಒಂದು ಸಾಲೇ ಏಕೈಕ ಆಧಾರವಾಗಿರಬಹುದು. ಆ ಸಾಲು ಅಳಿದರೆ ಅದನ್ನು ಮತ್ತೆ ಬರೆಯಬಲ್ಲವರು ಯಾರೂ ಇಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಮಳೆಗಾಲದ ತೇವದಿಂದ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಗೋಡೆಯ ಮೂಲಕ ಒರಲೆ ಏರುತ್ತದೆ. ಹಳೆಯ ಕಬ್ಬಿಣಾಂಶದ ಮಸಿಯು ಹಾಳೆಯನ್ನೇ ತಿನ್ನುತ್ತದೆ. ಆದುದರಿಂದ ಕಪಾಟನ್ನು ಗೋಡೆಯಿಂದ ದೂರವಾಗಿ, ನೆಲದಿಂದ ಎತ್ತರದಲ್ಲಿ ಇರಿಸಬೇಕು. ದಪ್ಪ ವಹಿಗಳನ್ನು ನಿಲ್ಲಿಸದೆ ಮಲಗಿಸಿಡಬೇಕು. ಮಳೆ ಹಿಂದೆ ಸರಿದ ಮೇಲೆ ಅವನ್ನು ನೆರಳಿನಲ್ಲಿ ಬಿಚ್ಚಿ ಗಾಳಿಗೆ ಇಡಬೇಕೇ ಹೊರತು ಬಿಸಿಲಿಗೆ ಒಡ್ಡಬಾರದು. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚುವುದೂ ಪ್ಲಾಸ್ಟಿಕ್ ಹೊದಿಸುವುದೂ ಹಾನಿಕರ. ಬಲ್ಲವರಿಂದ ತೆಳುಕಾಗದ ಮತ್ತು ಗಂಜಿಯ ಅಂಟಿನಿಂದ ದುರಸ್ತಿ ಮಾಡಿಸುವುದು ಲೇಸು. ಪ್ರತಿ ಪುಟದ ಛಾಯಾಪ್ರತಿಯೊಂದು ಬೇರೊಂದು ಊರಿನಲ್ಲಿರುವುದು ಕ್ಷೇಮ.

ಶತಮಾನೋತ್ಸವದ ಸಂಭ್ರಮದಲ್ಲಿ ಗೋಪುರಕ್ಕೆ ಸುಣ್ಣ ಬಳಿಯುವ ನಾವು ಕಚೇರಿಯ ಕಪಾಟನ್ನೂ ಒಮ್ಮೆ ತೆರೆದು ನೋಡೋಣ. ನಮ್ಮ ಹಿರಿಯರ ಹೆಸರುಗಳು ಅಲ್ಲಿವೆ.