ಸನ್ನಿ, ಅರಳುಮರಳು ಮತ್ತು ಅಜ್ಜಿಯ ಕನ್ನಡಕ

ಸೊಂಟದ ಮೂಳೆ ಮುರಿದ ಅಜ್ಜಿಯನ್ನು ಐಸಿಯುಗೆ ಸೇರಿಸಿದ ದಿನ ನರ್ಸ್ ನಮ್ಮ ಕೈಗೊಂದು ಪ್ಲಾಸ್ಟಿಕ್ ಕವರ್ ಕೊಟ್ಟರು. ಒಳಗೆ ಅಜ್ಜಿಯ ಕನ್ನಡಕ, ಕಿವಿಯ ಮಷೀನು, ಹಲ್ಲಿನ ಸೆಟ್ಟು. ಮೂರನೇ ದಿನಕ್ಕೆ ಅಜ್ಜಿ ಡ್ರಿಪ್ ಸ್ಟ್ಯಾಂಡನ್ನು ನೋಡಿ "ನಿಂತೇ ಇದ್ದೀಯಲ್ಲೋ, ಕೂತ್ಕೋ" ಅನ್ನತೊಡಗಿದರು. "ವಯಸ್ಸಾಯ್ತಲ್ಲ, ಅರಳುಮರಳು" ಅಂದರು ಎಲ್ಲರೂ.

ಅದು ಅರಳುಮರಳಲ್ಲ. ನಮ್ಮಲ್ಲಿ ಅದಕ್ಕೆ ಹಳೆಯ ಮಾತೊಂದಿದೆ, ಸನ್ನಿ. ಡಾಕ್ಟರುಗಳು ಡಿಮೆನ್ಷಿಯಾ ಅನ್ನುವ ಅರಳುಮರಳು ಹೆಚ್ಚಾಗಿ ವರ್ಷಗಟ್ಟಲೆ ನಿಧಾನವಾಗಿ ಆವರಿಸುತ್ತದೆ. ಡೆಲಿರಿಯಂ ಅನ್ನುವ ಸನ್ನಿ ಒಂದೆರಡು ದಿನದಲ್ಲೇ ಬರುತ್ತದೆ. ಬೆಳಿಗ್ಗೆ ಸರಿಯಿದ್ದವರು ಸಂಜೆಗೆ ಯಾರೋ ಆಗಿಬಿಡುತ್ತಾರೆ. ಮರೆವು ಇದ್ದವರಿಗೆ ಸನ್ನಿ ಬೇಗ ಹಿಡಿಯುತ್ತದೆ, ಆದ್ದರಿಂದಲೇ ಎರಡೂ ಒಂದೇ ಅನ್ನಿಸುವುದು.

ಆಸ್ಪತ್ರೆಗಳು ಈ ವ್ಯತ್ಯಾಸ ಕಲಿತದ್ದು ತಡವಾಗಿ. 1935ರಲ್ಲಿ ಇಂಗ್ಲೆಂಡಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಡಾ. ಮಾರ್ಜರಿ ವಾರನ್ ಅವರ ಪಾಲಿಗೆ ಪಕ್ಕದ ಬಡವರ ಆಸ್ಪತ್ರೆಯ 714 ರೋಗಿಗಳು ಬಂದರು. ಲಕ್ವ ಹೊಡೆದವರು, ಮರೆವಿನವರು, ಸುಮ್ಮನೆ ದಿಕ್ಕಿಲ್ಲದವರು ಎಲ್ಲ ಒಂದೇ ವಾರ್ಡಿನಲ್ಲಿ. ಆಕೆ ಒಬ್ಬೊಬ್ಬರನ್ನೂ ಪರೀಕ್ಷಿಸಿ ಬೇರ್ಪಡಿಸಿದರು, ಎಬ್ಬಿಸಿ ನಡೆಸಿದರು. ಎಷ್ಟೋ ಜನ ಮನೆಗೆ ಹೋದರು! 1955ರಲ್ಲಿ ಮಾರ್ಟಿನ್ ರಾತ್ ಎಂಬ ಮನೋವೈದ್ಯರು, ಮುಪ್ಪಿನಲ್ಲಿ ಬುದ್ಧಿ ಕಲಕುವುದೆಲ್ಲ ಒಂದೇ ರೋಗವಲ್ಲ, ಹಠಾತ್ತಾಗಿ ಬರುವ ಗೊಂದಲದ ದಾರಿಯೇ ಬೇರೆ ಎಂದು ತೋರಿಸಿದರು.

ಆದರೆ ತಡೆಯುವುದು ಹೇಗೆ? ಅದಕ್ಕೆ 1999ರ ತನಕ ಕಾಯಬೇಕಾಯ್ತು. ಅಮೆರಿಕದ ಯೇಲ್‌ನಲ್ಲಿ ಶರಾನ್ ಇನೌಯೆ ಮತ್ತು ಸಂಗಡಿಗರು 70 ದಾಟಿದ 852 ರೋಗಿಗಳ ಅಧ್ಯಯನ ಪ್ರಕಟಿಸಿದರು. ಹೊಸ ಔಷಧಿಯೇನೂ ಇಲ್ಲ. ಅವರು ಮಾಡಿದ್ದೆಂದರೆ, ಆ ದಿನದ ಕಾರ್ಯಕ್ರಮ, ನೋಡಿಕೊಳ್ಳುವವರ ಹೆಸರು ಬೋರ್ಡಿನ ಮೇಲೆ ಬರೆದಿಡುವುದು, ದಿನಕ್ಕೆ ಮೂರು ಸಲ ನಡೆಸುವುದು, ಕನ್ನಡಕ ಹಾಕಿಸುವುದು, ಕಿವಿಯ ಗುಗ್ಗೆ ತೆಗೆಸುವುದು, ನೀರು ಕುಡಿಸುವುದು. ರಾತ್ರಿ ನಿದ್ದೆ ಮಾತ್ರೆಯ ಬದಲು ಬಿಸಿ ಹಾಲು, ಬೆನ್ನು ನೀವುವುದು, ಸಂಗೀತ. ಮಾತ್ರೆ ಕುಟ್ಟುವ ಸದ್ದೂ ಆಗಬಾರದೆಂದು ಸದ್ದಿಲ್ಲದ ಕುಟ್ಟಣಿ! (ಇದನ್ನು ಓದಿ ನಗು ಬಂತು. ಜ್ವರ ಬಂದಾಗ ಅಜ್ಜಿ ನನಗೆ ಮಾಡುತ್ತಿದ್ದದ್ದರಲ್ಲಿ ಅರ್ಧ ಇದೇ.) ಮಾಮೂಲಿ ಆರೈಕೆಯಲ್ಲಿ ಶೇ. 15 ಜನರಿಗೆ ಸನ್ನಿ ಹಿಡಿದರೆ ಇಲ್ಲಿ ಹಿಡಿದದ್ದು ಶೇ. 9.9 ಜನರಿಗೆ. ಒಮ್ಮೆ ಹಿಡಿದ ಮೇಲೆ ಮಾತ್ರ ಈ ಉಪಚಾರಗಳಿಂದ ಅದರ ತೀವ್ರತೆ ತಗ್ಗಲಿಲ್ಲ. ಮೊದಲೇ ತಡೆಯಬೇಕು, ಅಷ್ಟೆ.

ಇಷ್ಟಾದರೂ 2014ರಲ್ಲಿ, ಆಲ್ಜೈಮರ್ಸ್ ಇದ್ದ ಡಾ. ಜಾನ್ ಗೆರಾರ್ಡ್ ಕಾಲಿನ ಹುಣ್ಣಿಗೆಂದು ಇಂಗ್ಲೆಂಡಿನ ಆಸ್ಪತ್ರೆ ಸೇರಿ ಐದು ವಾರ ಇದ್ದರು. ವಾರ್ಡಿನಲ್ಲಿ ವಾಂತಿಭೇದಿಯ ಸೋಂಕು ಹರಡಿತ್ತೆಂದು ಮನೆಯವರ ಭೇಟಿಗೆ ತಡೆ. ಹಿಂತಿರುಗಿದಾಗ ನಡೆಯಲಾರದ ಅಸ್ಥಿಪಂಜರವಾಗಿದ್ದರು. ಅದೇ ವರ್ಷ ನವೆಂಬರಿನಲ್ಲಿ ತೀರಿಕೊಂಡರು. ಮಗಳು, ಕಾದಂಬರಿಕಾರ್ತಿ ನಿಕ್ಕಿ ಗೆರಾರ್ಡ್, ಗೆಳತಿ ಜೂಲಿಯಾ ಜೋನ್ಸ್ ಜೊತೆ 'ಜಾನ್ಸ್ ಕ್ಯಾಂಪೇನ್' ಶುರುಮಾಡಿದರು. ಬೇಡಿಕೆ ಒಂದೇ: ಮರೆವಿನ ರೋಗಿಯ ಜೊತೆ ನೋಡಿಕೊಳ್ಳುವವರು ಇರಲು ಬಿಡಿ. ಅಲ್ಲಿನ ಬಹಳಷ್ಟು ಆಸ್ಪತ್ರೆಗಳು ಒಪ್ಪಿದವು.

ನಮ್ಮ ಜನರಲ್ ವಾರ್ಡುಗಳಲ್ಲಿ ಮಂಚದ ಕೆಳಗೆ ಚಾಪೆ ಹಾಸಿ ಮಗಳೋ ಸೊಸೆಯೋ ಮಲಗಿರುತ್ತಾಳೆ. ಅವರು ಚಳುವಳಿ ಮಾಡಿ ಪಡೆದದ್ದು ನಮ್ಮಲ್ಲಿ ಬಡತನದ ಗುರುತು! ದುಡ್ಡು ಕೊಟ್ಟು ಐಸಿಯು ಸೇರಿದರೆ ಹತ್ತು ನಿಮಿಷದ ಭೇಟಿ.

ಐದನೇ ದಿನ ಅಜ್ಜಿಯನ್ನು ವಾರ್ಡಿಗೆ ತಂದರು. ಕವರ್ ಬಿಚ್ಚಿ ಕನ್ನಡಕ ಹಾಕಿದೆವು, ಕಿವಿಯ ಮಷೀನು ಇಟ್ಟೆವು, ಅಮ್ಮ ಪಕ್ಕದಲ್ಲೇ ಚಾಪೆ ಹಾಸಿದಳು. ಪೂರ್ತಿ ತಿಳಿಯಾಗಲು ಒಂದು ವಾರವೇ ಹಿಡಿಯಿತು. ಆಮೇಲೊಂದು ಬೆಳಿಗ್ಗೆ ಅಜ್ಜಿ ಕೇಳಿದರು, "ನನ್ ಹಲ್ಲೆಲ್ಲೇ?"