ಬಂಧನ, ಅಮಾನತು ಮತ್ತು ಕಾಗದವಿಲ್ಲದ ನೌಕರಿ

2020ರ ಜನವರಿ 30ರಂದು ಬೀದರ್ ನಗರದ ಶಾಹೀನ್ ಶಾಲೆಯ ಮುಖ್ಯೋಪಾಧ್ಯಾಯಿನಿ ಮತ್ತು ಅಲ್ಲಿನ ವಿದ್ಯಾರ್ಥಿನಿಯೊಬ್ಬಳ ತಾಯಿ ದೇಶದ್ರೋಹದ ಆರೋಪದಲ್ಲಿ ಬಂಧಿತರಾದರು. ಪೌರತ್ವ ತಿದ್ದುಪಡಿ ಕಾಯ್ದೆ ಕುರಿತ ಮಕ್ಕಳ ನಾಟಕವೇ ಇದಕ್ಕೆ ಕಾರಣ. ಫೆಬ್ರುವರಿ 14ರಂದು ಇಬ್ಬರಿಗೂ ಜಾಮೀನು ಸಿಕ್ಕಿತು. ಆಡಳಿತ ಮಂಡಳಿಯವರ ಮೇಲಿನ ಪ್ರಕರಣವನ್ನು ಹೈಕೋರ್ಟಿನ ಕಲಬುರಗಿ ಪೀಠ 2023ರ ಜೂನ್‌ನಲ್ಲಿ ರದ್ದುಪಡಿಸಿತು. ವಾಕ್ ಸ್ವಾತಂತ್ರ್ಯದ ನೆಲೆಯಲ್ಲಿ ಬಹಳ ಚರ್ಚೆಯಾದ ಈ ಪ್ರಕರಣವನ್ನು ಕಾರ್ಮಿಕ ಕಾನೂನಿನ ಕಡೆಯಿಂದಲೂ ನೋಡಬೇಕಿದೆ. ಆರೋಪ ಒಂದೇ, ಸೆರೆವಾಸದ ಅವಧಿಯೂ ಒಂದೇ. ಆದರೆ ಖಾಸಗಿ ಶಾಲೆಯ ಶಿಕ್ಷಕರನ್ನು ವಿಚಾರಣೆಯಿಲ್ಲದೆ ವಜಾ ಮಾಡಲು 1983ರ ಕರ್ನಾಟಕ ಶಿಕ್ಷಣ ಅಧಿನಿಯಮದ 92ನೇ ಕಲಮು ಬಿಡುವುದಿಲ್ಲ. ಮನೆಗೆಲಸ ಮಾಡಿ ಮಗಳನ್ನು ಓದಿಸುತ್ತಿದ್ದ ತಾಯಿಗೆ ಅಂಥ ಯಾವ ಆಸರೆಯೂ ಇಲ್ಲ. ಅವರಿಬ್ಬರ ಕೆಲಸ ಮುಂದೇನಾಯಿತೆಂಬುದು ಇಲ್ಲಿನ ವಿಷಯವಲ್ಲ. ಬಂಧನವಾದ ಮೇಲೆ ದುಡಿಮೆ ಉಳಿಯುವುದೋ ಹೋಗುವುದೋ ಎಂಬುದನ್ನು ಆರೋಪದ ಗಂಭೀರತೆಗಿಂತ ನೌಕರಿಯ ಕಾಗದವೇ ತೀರ್ಮಾನಿಸುತ್ತದೆ ಎಂಬುದು ನನ್ನ ವಾದ.

ಭಾಲ್ಕಿಯ ತಹಸೀಲ್ ಕಚೇರಿಯ ಗುಮಾಸ್ತನೊಬ್ಬ 48 ಗಂಟೆ ಮೀರಿ ಬಂಧನದಲ್ಲಿದ್ದರೆ, ಸರ್ಕಾರಿ ನೌಕರರ ಶಿಸ್ತಿಗೆ ಸಂಬಂಧಿಸಿದ 1957ರ ಸಿಸಿಎ ನಿಯಮಾವಳಿಯ 10ನೇ ನಿಯಮದಂತೆ ಅಮಾನತಾದನೆಂದೇ ಲೆಕ್ಕ. ಕೇಳಲು ಕಠೋರವಾದರೂ ಇದರೊಳಗೆ ರಕ್ಷಣೆಯಿದೆ: ಹುದ್ದೆ ಅವನ ಹೆಸರಿನಲ್ಲೇ ಇರುತ್ತದೆ, ಜೀವನಾಧಾರ ಭತ್ಯೆ ಬರುತ್ತದೆ. ಖಾಸಗಿ ಸಂಸ್ಥೆಗಳ ನೌಕರರ ಭತ್ಯೆಗಾಗಿ ರಾಜ್ಯದಲ್ಲಿ 1988ರ ಪ್ರತ್ಯೇಕ ಕಾಯ್ದೆಯಿದೆ. ಮೊದಲ 90 ದಿನ ವೇತನದ ಶೇ 50, 180 ದಿನಗಳವರೆಗೆ ಶೇ 75, ಆಮೇಲೆ ಶೇ 90. ತೊಡಕಿರುವುದು ಒಂದೇ ಕಡೆ. ಭತ್ಯೆ ಹುಟ್ಟುವುದು ಮಾಲೀಕ ಅಮಾನತು ಮಾಡಿದಾಗ, ಪೊಲೀಸರು ಬಂಧಿಸಿದಾಗಲ್ಲ. ಔರಾದ್‌ನ ಹೊರಗುತ್ತಿಗೆ ನೌಕರನನ್ನು ಅಮಾನತು ಮಾಡುವ ಗೋಜಿಗೆ ಏಜೆನ್ಸಿ ಹೋಗಬೇಕಾಗಿಯೇ ಇಲ್ಲ. ಮುಂದಿನ ತಿಂಗಳ ಹಾಜರಿ ಪಟ್ಟಿಯಲ್ಲಿ ಹೆಸರು ಬಿಟ್ಟರೆ ಸಾಕು. ಪ್ರಶ್ನಿಸಲು ಆದೇಶವೇ ಇರುವುದಿಲ್ಲ.

ಭತ್ಯೆ ದಯೆಯಲ್ಲ ಎಂಬುದಕ್ಕೆ ಕೋಲಾರ ಚಿನ್ನದ ಗಣಿಯ ಪಾಲ್ ಆಂಟನಿ ಪ್ರಕರಣವೇ ಸಾಕ್ಷಿ. 1985ರಲ್ಲಿ ಅಮಾನತಾದ ಆ ಭದ್ರತಾ ಅಧಿಕಾರಿಗೆ ಭತ್ಯೆ ಕೊಡಲಿಲ್ಲ. ಕೇರಳದಿಂದ ವಿಚಾರಣೆಗೆ ಬರಲು ಅವರ ಬಳಿ ಹಣವಿರಲಿಲ್ಲ. ಏಕಪಕ್ಷೀಯವಾಗಿ ವಜಾ ಮಾಡಲಾಯಿತು. ಅದೇ ಸಾಕ್ಷ್ಯದ ಮೇಲೆ ನಡೆದ ಕ್ರಿಮಿನಲ್ ಮೊಕದ್ದಮೆಯಲ್ಲಿ 1987ರಲ್ಲಿ ಖುಲಾಸೆಯಾದರೂ, ಸುಪ್ರೀಂ ಕೋರ್ಟ್ ವಜಾ ಆದೇಶವನ್ನು ತಳ್ಳಿಹಾಕಿದ್ದು 1999ರಲ್ಲಿ. ಭತ್ಯೆ ನಿರಾಕರಿಸುವುದೆಂದರೆ ಬದುಕುವ ಹಕ್ಕನ್ನೇ ನಿರಾಕರಿಸಿದಂತೆ ಎಂದು ನ್ಯಾಯಾಲಯ ಕಂಡಿತು. ಆದೇಶಪತ್ರವಿದ್ದವರಿಗೇ ಹದಿನಾಲ್ಕು ವರ್ಷ!

ಜೈಲಿನಲ್ಲಿದ್ದವನಿಗೆ ಮಾಲೀಕ ಏಕೆ ಕೊಡಬೇಕು ಎಂಬ ಆಕ್ಷೇಪ ಹಗುರವಾದುದಲ್ಲ. ಇಲಾಖೆಗೆ ಸಂಬಂಧವಿಲ್ಲದ ಪ್ರಕರಣದಲ್ಲಿ ಖುಲಾಸೆಯಾದವನಿಗೆ ಕೆಲಸ ಮರಳಿದರೂ ಹಿಂಬಾಕಿ ವೇತನವಿಲ್ಲವೆಂದು ಜೈಪಾಲ್ ಸಿಂಗ್ ಪ್ರಕರಣದಲ್ಲಿ (2003) ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ಆ ತೀರ್ಪು ನಿರಾಕರಿಸಿದ್ದು ಸಂಬಳವನ್ನು, ಕೆಲಸವನ್ನಲ್ಲ. ಶಾಲೆಯ ಮಕ್ಕಳ ಅಥವಾ ಸಂಸ್ಥೆಯ ಹಣದ ಸುರಕ್ಷತೆಯ ಆತಂಕಕ್ಕೂ ಅಮಾನತು ಸಾಕು, ವಜಾ ಬೇಕಿಲ್ಲ. ಆದ್ದರಿಂದ 48 ಗಂಟೆಯ ನಿಯಮವನ್ನು ಹೊರಗುತ್ತಿಗೆಗೂ ವಿಸ್ತರಿಸಿ, ಬಂಧನವನ್ನೇ ಅಮಾನತೆಂದು ಪರಿಗಣಿಸಬಹುದು. ಮನೆಗೆಲಸದವರ ವಿಷಯದಲ್ಲಿ ಇದು ನಡೆಯದು. ಒಂದು ಕುಟುಂಬದ ಮೇಲೆ ಆ ಹೊರೆ ಹಾಕುವುದು ನ್ಯಾಯವೂ ಅಲ್ಲ. ಅವರ ಭತ್ಯೆಯನ್ನು ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯೇ ಹೊರಬೇಕು, ಏಕೆಂದರೆ ಬಂಧಿಸಿದ್ದು ಸರ್ಕಾರ, ಮನೆಯೊಡತಿಯಲ್ಲ.