ಹಿಮದ ದಿನಾಂಕಗಳು ಮತ್ತು ತರಕಾರಿ ತೋಟ

ಒಂದು ಊರಿನಲ್ಲಿ ವಸಂತದಲ್ಲಿ ಕಡೆಯ ಬಾರಿ ಹಿಮ ಬೀಳುವ ದಿನ ಮತ್ತು ಶರತ್ಕಾಲದಲ್ಲಿ ಮತ್ತೆ ಮೊದಲ ಬಾರಿ ಬೀಳುವ ದಿನ, ಇವೆರಡೂ ಆ ಊರಿನ ಹಿಮದ ದಿನಾಂಕಗಳು. ಇಲ್ಲಿ ಹಿಮವೆಂದರೆ ಆಕಾಶದಿಂದ ಸುರಿಯುವುದಲ್ಲ. ತಿಳಿಯಾದ ರಾತ್ರಿಯಲ್ಲಿ ಎಲೆಗಳ ಮೇಲೆ ಬಿಳಿ ಹರಳಾಗಿ ಕೂತು, ಎಲೆಯೊಳಗಿನ ನೀರನ್ನೂ ಗಟ್ಟಿಯಾಗಿಸಿ, ಬೆಳಗಾದ ಮೇಲೆ ಗಿಡವನ್ನು ಕಪ್ಪಾಗಿಸುವ ಹಿಮ ಇದು. ಎರಡು ದಿನಾಂಕಗಳ ನಡುವಿನ ಅವಧಿಯೇ ಬೆಳೆಗಾಲ. ಸಮಶೀತೋಷ್ಣ ದೇಶಗಳಲ್ಲಿ ಬಟಾಣಿ, ಪಾಲಕ್ ಬೀಜಗಳನ್ನು ಕೊನೆಯ ಹಿಮಕ್ಕೆ ನಾಲ್ಕಾರು ವಾರ ಮೊದಲೇ ಬಿತ್ತುತ್ತಾರೆ. ಟೊಮೆಟೊ ಬೀಜವನ್ನು ಆರೆಂಟು ವಾರ ಮುಂಚೆ ಮನೆಯೊಳಗೆ ಹಾಕಿ ಸಸಿ ಮಾಡಿಕೊಳ್ಳುತ್ತಾರೆ. ಹುರುಳಿಕಾಯಿ, ಸೌತೆ ಮಾತ್ರ ಹಿಮದ ಭಯ ಕಳೆದ ಮೇಲೆಯೇ.

ಉಷ್ಣಮಾಪಕ ಬರುವ ಮೊದಲು ಈ ಲೆಕ್ಕ ಪಂಚಾಂಗದಲ್ಲಿತ್ತು, ಮರಗಿಡಗಳಲ್ಲಿತ್ತು. ಮಧ್ಯ ಯೂರೋಪಿನಲ್ಲಿ ಮೇ 11ರಿಂದ 15ರವರೆಗೆ ಬರುವ ಮಾಮೆರ್ಟಸ್, ಪಾಂಕ್ರಾಸ್, ಸೆರ್ವಾಟಿಯಸ್, ಬೋನಿಫೇಸ್, ಸೋಫಿಯಾ ಎಂಬ ಸಂತರ ದಿನಗಳು ಮುಗಿಯುವ ತನಕ ಎಳೆಯ ಸಸಿಗಳನ್ನು ಹೊರಗೆ ನೆಡುತ್ತಿರಲಿಲ್ಲ. ಇವರಿಗೆ ‘ಹಿಮಸಂತರು’ ಎಂದೇ ಹೆಸರು. ನಮ್ಮ ರೈತರು ರೋಹಿಣಿ, ಮೃಗಶಿರ, ಆರಿದ್ರ ಮಳೆಗಳನ್ನು ಎಣಿಸಿ ಬಿತ್ತನೆಗೆ ಇಳಿಯುವಂಥದೇ ನಂಬಿಕೆ ಅದು. ಆದರೆ 1582ರಲ್ಲಿ ಗ್ರೆಗೋರಿಯನ್ ಪಂಚಾಂಗ ಬಂದಾಗ ಹತ್ತು ದಿನಗಳನ್ನು ಬಿಟ್ಟುಬಿಡಲಾಯಿತು. ಸಂತರ ದಿನಗಳು ಹಳೆಯ ತಾರೀಖಿನಲ್ಲೇ ಉಳಿದವು, ಹವೆ ಮಾತ್ರ ಸೂರ್ಯನ ಜೊತೆ ನಡೆಯಿತು. ಅಂದಿನವರು ಮೇ 11 ಎನ್ನುತ್ತಿದ್ದ ದಿನ ಈಗಿನ ಲೆಕ್ಕದಲ್ಲಿ ಮೇ 20ರ ಆಸುಪಾಸು. ಜಪಾನಿನಲ್ಲಿ ವಸಂತಾರಂಭವೆಂದು ಎಣಿಸುವ ದಿನದಿಂದ 88ನೆಯ ದಿನ, ಅಂದರೆ ಮೇ 2ರ ಸುಮಾರಿಗೆ, ಹಿಮ ವಿದಾಯ ಹೇಳುತ್ತದೆಂಬ ಎಣಿಕೆಯಿದೆ. ರೋಮಿನ ಪ್ಲಿನಿ ಹಿಪ್ಪುನೇರಳೆಯನ್ನು ಮರಗಳಲ್ಲೆಲ್ಲ ಜಾಣ ಎಂದು ಹೊಗಳಿದ್ದು, ಚಳಿ ಪೂರ್ತಿ ಹೋಗುವ ತನಕ ಅದು ಚಿಗುರುವುದಿಲ್ಲ ಎಂಬ ಕಾರಣಕ್ಕೆ. ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಚೀನಾದ ಜಿಯಾ ಸಿಷೆ ಆರನೆಯ ಶತಮಾನದಲ್ಲಿ ಬರೆದ ಕೃಷಿ ಗ್ರಂಥದ ಸಲಹೆ: ಮಳೆ ನಿಂತು ಆಕಾಶ ತಿಳಿಯಾಗಿ ಉತ್ತರದ ತಣ್ಣನೆಯ ಗಾಳಿ ಬೀಸಿದರೆ ಅಂದು ರಾತ್ರಿ ಹಿಮ ಖಂಡಿತ, ಹಣ್ಣಿನ ತೋಟದಲ್ಲಿ ಹೊಗೆ ಹಾಕಿ. ತಾರೀಖನ್ನು ಬಿಟ್ಟು ಆ ರಾತ್ರಿಯ ಆಕಾಶವನ್ನೇ ನೋಡು ಎನ್ನುವ ಈ ಮಾತು ಇಂದಿಗೂ ಸರಿ.

ಯಾಕೆ ಸರಿ ಎಂಬುದು ಗೊತ್ತಾಗಲು ಬಹಳ ಕಾಲ ಹಿಡಿಯಿತು. 1782ರಲ್ಲಿ ಇಂಗ್ಲೆಂಡಿನ ಜೇಮ್ಸ್ ಸಿಕ್ಸ್ ದಿನದ ಗರಿಷ್ಠ, ಕನಿಷ್ಠ ಉಷ್ಣಾಂಶಗಳನ್ನು ತಾನೇ ಗುರುತಿಟ್ಟುಕೊಳ್ಳುವ ಉಷ್ಣಮಾಪಕವನ್ನು ವಿವರಿಸಿದ. ನಡುರಾತ್ರಿ ಎದ್ದು ಕೂರದೆಯೂ ರಾತ್ರಿಯ ಚಳಿಯನ್ನು ಅಳೆಯುವುದು ಇದರಿಂದ ಸಾಧ್ಯವಾಯಿತು. 1814ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ಇಬ್ಬನಿಯ ಮೇಲೆ ಪ್ರಕಟಿಸಿದ ಪ್ರಬಂಧ ಈ ಇತಿಹಾಸದಲ್ಲಿ ನನ್ನ ದೃಷ್ಟಿಗೆ ಅತಿ ಮುಖ್ಯವಾದದ್ದು. ತೋಟಗಾರರು ಸಸಿಗಳ ಮೇಲೆ ತೆಳುವಾದ ಚಾಪೆ ಹೊದಿಸುವುದನ್ನು ಕಂಡು, ಅಷ್ಟು ತೆಳ್ಳಗಿನ ಹೊದಿಕೆಯಿಂದ ಏನಾದೀತು ಎಂದು ಅವನು ಮೊದಲು ಅಂದುಕೊಂಡಿದ್ದ. ರಾತ್ರಿಯಿಡೀ ಪ್ರಯೋಗ ಮಾಡಿದ ಮೇಲೆ, ನೆಲ ಮತ್ತು ಎಲೆಗಳು ತಮ್ಮ ಶಾಖವನ್ನು ತಿಳಿ ಆಕಾಶಕ್ಕೆ ಸೂಸಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ, ಚಾಪೆ ಆ ಶಾಖವನ್ನು ತಡೆಯುತ್ತದೆ ಎಂಬುದು ಅವನಿಗೆ ಸ್ಪಷ್ಟವಾಯಿತು. ಆಳೆತ್ತರದಲ್ಲಿಟ್ಟ ಪೆಟ್ಟಿಗೆಯೊಳಗಿನ ಉಷ್ಣಮಾಪಕ 2 ಡಿಗ್ರಿ ತೋರಿಸುವಾಗಲೂ ನೆಲಕ್ಕಂಟಿದ ಸಸಿ ಸುಟ್ಟುಹೋಗುವುದು ಇದೇ ಕಾರಣಕ್ಕೆ.

ತಣ್ಣನೆಯ ಗಾಳಿ ಭಾರವಾದ್ದರಿಂದ ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ವರ್ಜೀನಿಯಾದಲ್ಲಿ ಥಾಮಸ್ ಜೆಫರ್ಸನ್ ತನ್ನ ಮಾಂಟಿಸೆಲೊ ಬೆಟ್ಟದ ಆಗ್ನೇಯ ಮಗ್ಗುಲಲ್ಲಿ 1,000 ಅಡಿ ಉದ್ದದ ತರಕಾರಿ ತೋಟ ಮಾಡಿಸಿದ್ದರಿಂದ ತಗ್ಗಿನ ಹಿಮದಿಂದ ಪಾರಾಗುವ ಲಾಭ ಸಿಕ್ಕಿತು. ಆ ತೋಟದ ಮಟ್ಟಸ ನೆಲವನ್ನು ಅಗೆದು ಕಟ್ಟಿದವರು ಗುಲಾಮರಾಗಿದ್ದ ಕೆಲಸಗಾರರು ಎಂಬುದನ್ನೂ ಹೇಳಲೇಬೇಕು. 1766ರಿಂದ 1824ರವರೆಗೆ ಜೆಫರ್ಸನ್ ಇಟ್ಟ ತೋಟದ ಪುಸ್ತಕದಲ್ಲಿ ಯಾವ ಬೀಜ ಯಾವಾಗ ಬಿತ್ತಿದ್ದು, ಬಟಾಣಿ ಯಾವಾಗ ಊಟದ ಮೇಜಿಗೆ ಬಂದದ್ದು ಎಲ್ಲವೂ ಇದೆ. ಒಂದೇ ಜಾಗದ ಇಷ್ಟು ವರ್ಷಗಳ ದಾಖಲೆ ಯಾವ ಸಂತನ ದಿನಕ್ಕಿಂತಲೂ ನಂಬಲರ್ಹ. ಆದರೂ 1816ರಂಥ ವರ್ಷವನ್ನು ಯಾವ ದಾಖಲೆಯೂ ಮುಂಚಿತವಾಗಿ ಹೇಳದು. ಹಿಂದಿನ ವರ್ಷ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಮೇಲೇರಿದ ಧೂಳು, ಆಮ್ಲದ ಹನಿಗಳು ಬಿಸಿಲಿಗೆ ಅಡ್ಡ ನಿಂತು, ನ್ಯೂ ಇಂಗ್ಲೆಂಡಿನಲ್ಲಿ ಜೂನ್, ಜುಲೈ, ಆಗಸ್ಟ್ ಮೂರೂ ತಿಂಗಳಲ್ಲಿ ಹಿಮ ಬಿದ್ದು ಮೆಕ್ಕೆಜೋಳ ಕೈಕೊಟ್ಟಿತು.

ದಾಖಲೆ ಮನೆಯ ಪುಸ್ತಕದಿಂದ ದೇಶದ ಲೆಕ್ಕಕ್ಕೆ ಬಂದದ್ದು ಸ್ವಯಂಸೇವಕರಿಂದ. 1840ರ ದಶಕದ ಕೊನೆಗೆ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಜೋಸೆಫ್ ಹೆನ್ರಿ ಊರೂರುಗಳ ಹವೆ ವೀಕ್ಷಕರ ಜಾಲ ಕಟ್ಟಿದ; 1891ರಲ್ಲಿ ಹವಾಮಾನ ಕೆಲಸ ಅಮೆರಿಕದ ಕೃಷಿ ಇಲಾಖೆಗೆ ಸೇರಿತು. ಸಂಬಳವಿಲ್ಲದೆ ದಿನವೂ ಉಷ್ಣಮಾಪಕ ನೋಡಿ ಬರೆದಿಟ್ಟ ಸಾವಿರಾರು ಜನರ ಅಂಕಿಗಳಿಂದ 1911ರಲ್ಲಿ ಪಿ. ಸಿ. ಡೇ ಇಡೀ ದೇಶದ ಹಿಮದ ದಿನಾಂಕಗಳ ವರದಿ ಸಿದ್ಧಪಡಿಸಿದ. ಆಗ ಲೆಕ್ಕಕ್ಕೆ ಹಿಡಿಯುತ್ತಿದ್ದುದು ಗಿಡವನ್ನು ಕೊಲ್ಲುವ ಹಿಮ. ಅದು ಹೌದೋ ಅಲ್ಲವೋ ಎಂಬುದು ವೀಕ್ಷಕನ ಕಣ್ಣಂದಾಜು. ಮುಂದೆ 0 ಡಿಗ್ರಿ ಸೆಲ್ಸಿಯಸ್ಸನ್ನೇ ಗೆರೆಯಾಗಿ ಇಟ್ಟುಕೊಳ್ಳಲಾಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿತು. ಸರಾಸರಿ ಕೊನೆಯ ಹಿಮದ ದಿನ ಏಪ್ರಿಲ್ 20 ಎಂದರೆ ಅಂದಿಗೆ ಹಿಮ ಮುಗಿಯಿತು ಎಂದಲ್ಲ. ಹೆಚ್ಚುಕಡಿಮೆ ಅರ್ಧದಷ್ಟು ವರ್ಷಗಳಲ್ಲಿ ಅದರ ನಂತರವೂ ಹಿಮ ಬೀಳುತ್ತದೆ. 1958ರಲ್ಲಿ ಥಾಮ್ ಮತ್ತು ಶಾ ಎಂಬಿಬ್ಬರು ಅಯೋವಾ ರಾಜ್ಯದ ಅಂಕಿಗಳನ್ನು ಸಂಭವನೀಯತೆಯ ಗಣಿತಕ್ಕೆ ಒಳಪಡಿಸಿದ್ದು ಇದನ್ನು ತಿದ್ದುವತ್ತ ದೊಡ್ಡ ಹೆಜ್ಜೆ. ಈಗಿನ ಅಮೆರಿಕನ್ ಕೋಷ್ಟಕಗಳು 1991–2020ರ ಅಂಕಿಗಳಿಂದ ಆಮೇಲೂ ಹಿಮ ಬೀಳುವ ಸಾಧ್ಯತೆ ಶೇ. 50 ಇರುವ ದಿನ, ಶೇ. 10 ಇರುವ ದಿನ ಎಂದು ಬೇರೆಬೇರೆಯಾಗಿ ಕೊಡುತ್ತವೆ. ಟೊಮೆಟೊ ನೆಡುವವರು ನೋಡಬೇಕಾದದ್ದು ಎರಡನೆಯದನ್ನು. 1960ರಲ್ಲಿ ಕೃಷಿ ಇಲಾಖೆ ಹೊರತಂದ ಸಸ್ಯ ವಲಯಗಳ ನಕ್ಷೆಯನ್ನು ಇದರೊಂದಿಗೆ ಬೆರೆಸಬಾರದು. ಅದು ಚಳಿಗಾಲದ ಅತಿ ಕಡಿಮೆ ಉಷ್ಣಾಂಶ ಹೇಳುತ್ತದೆ, ಬಿತ್ತನೆಯ ದಿನವನ್ನಲ್ಲ.

ಹವೆ ಕಾಯುತ್ತಿರುವುದರಿಂದ ಅಮೆರಿಕದ ಬೆಳೆಗಾಲ ಇಪ್ಪತ್ತನೆಯ ಶತಮಾನದ ಆರಂಭದಿಂದ ಈಚೆಗೆ ಸುಮಾರು ಎರಡು ವಾರ ಉದ್ದವಾಗಿದೆ. ಅಪಾಯ ಅದೇ ಪ್ರಮಾಣದಲ್ಲಿ ತಗ್ಗಿಲ್ಲ. 2012ರ ಮಾರ್ಚ್‌ನ ಬಿಸಿಗೆ ಬೇಗ ಚಿಗುರಿದ ಮಿಷಿಗನ್ನಿನ ಚೆರಿ ಮರಗಳು ಏಪ್ರಿಲ್ ಹಿಮಕ್ಕೆ ಸಿಕ್ಕಿ ಬಹುಪಾಲು ಫಸಲು ಕಳೆದುಕೊಂಡವು.

ಕರ್ನಾಟಕದ ಬಯಲಿನಲ್ಲಿ ಈ ಲೆಕ್ಕದ ಅಗತ್ಯವಿಲ್ಲ. ನೆರೆಯ ನೀಲಗಿರಿಯಲ್ಲಿ ಮಾತ್ರ ನವೆಂಬರಿನಿಂದ ಫೆಬ್ರವರಿವರೆಗಿನ ತಿಳಿ ರಾತ್ರಿಗಳಲ್ಲಿ ತಗ್ಗಿನ ಆಲೂಗಡ್ಡೆ ಹೊಲಗಳಿಗೂ ಚಹಾ ಗಿಡಗಳಿಗೂ ಹಿಮದ ಹೊಡೆತ ಉಂಟು. ಅಮೆರಿಕದ ಉತ್ತರ ರಾಜ್ಯಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಹಿಮದ ದಿನಾಂಕವೆಂದರೆ ಅವರೆಕಾಯಿಯ ಪ್ರಶ್ನೆ. ನಮ್ಮ ನಾಟಿ ಅವರೆ ಹಗಲು ಗಿಡ್ಡವಾದಾಗಲೇ ಹೂ ಬಿಡುವ ಬಳ್ಳಿ. ಅಲ್ಲಿ ಅದು ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಮೊದಲ ಹಿಮ ಬಂದಿರುತ್ತದೆ, ಎಷ್ಟು ಬೇಗ ಬಿತ್ತಿದರೂ ಪ್ರಯೋಜನವಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳು ಹಗಲಿನ ಉದ್ದವನ್ನು ಲೆಕ್ಕಿಸದೆ ಹೂ ಬಿಡುತ್ತವೆ. ಇಂಥ ತಳಿಯಾದರೆ ಕೊನೆಯ ಹಿಮ ಕಳೆದು ನೆಲ ಬೆಚ್ಚಗಾದ ಮೇಲೆ ಬಿತ್ತಿ, ಶರತ್ಕಾಲದ ಹಿಮಕ್ಕೆ ಮೊದಲೇ ಕಾಯಿ ಕೀಳಬಹುದು.